ಲಿನಕ್ಸ್‌ನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್: ಡ್ರೈವರ್ ಇರುವುದೆಲ್ಲಿ?

ದಾವಣಗೆರೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು ಗೇಮ್ ಆಡುವ ಹುಡುಗರಷ್ಟೇ ಅಲ್ಲ. ಮದುವೆಯ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳಿಗೆ, ಕಟ್ಟಲಿರುವ ಮನೆಯನ್ನು ತ್ರೀಡಿಯಲ್ಲಿ ತೋರಿಸಬೇಕಾದ ಸಿವಿಲ್ ಎಂಜಿನಿಯರುಗಳಿಗೆ, ಬಿಐಇಟಿ, ಯುಬಿಡಿಟಿಯಂಥ ಕಾಲೇಜುಗಳಲ್ಲಿ ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಹಿಡಿದ ವಿದ್ಯಾರ್ಥಿಗಳಿಗೆ ಅದು ದಿನನಿತ್ಯದ ಕೆಲಸದ ಸಾಮಾನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪಿಕೊಳ್ಳದ, ಆದರೆ ಇನ್ನೂ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕುವ ಬದಲು ಅದಕ್ಕೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ರೂಪಗಳಾದ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿ, ಒಂದು ಹೊಸ ಕಾರ್ಡ್ ಸೇರಿಸಿ ಮುಂದುವರಿಯೋಣ ಎಂಬ ಯೋಚನೆ ಆದ್ದರಿಂದ ತೀರ ಸಹಜವಾದದ್ದು.

ಕಾರ್ಡ್ ಸ್ಲಾಟ್‌ನಲ್ಲಿ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಚಿತ್ರವೂ ಬರುತ್ತದೆ. ಆದರೆ ಅಕ್ಷರಗಳು ದಪ್ಪವಾಗಿ ಹಿಗ್ಗಿರುತ್ತವೆ, ಕಿಟಕಿಗಳು ತೆವಳುತ್ತವೆ, ಅಥವಾ ಲಾಗಿನ್ ಆಗುವ ಹೊತ್ತಿಗೆ ಎಲ್ಲವೂ ಕಪ್ಪಾಗುತ್ತದೆ. ಅಂಗಡಿಯಲ್ಲಿ ಕೇಳಿದರೆ “ಡ್ರೈವರ್ ಹಾಕ್ಬೇಕು ಸಾರ್” ಎಂಬ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ ಹಾಕಬೇಕೆಂಬ, ಉತ್ತರ ಸಿಗುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅದನ್ನು ಕೇಳಿದವರು ಮುಂದೆ ಇಡುವ ಹೆಜ್ಜೆ ಬಹುತೇಕ ತಪ್ಪಾಗಿರುತ್ತದೆ: ಕಂಪನಿಯ ಜಾಲತಾಣಕ್ಕೆ ಹೋಗಿ ಏನನ್ನೋ ಡೌನ್‌ಲೋಡ್ ಮಾಡಿ ಚಲಾಯಿಸುತ್ತಾರೆ. ವಿಂಡೋಸ್ ಕಲಿಸಿದ ಈ ಅಭ್ಯಾಸವೇ ಲಿನಕ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಗೋಜಲಿಗೆ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಿನಕ್ಸ್‌ನಲ್ಲಿ ಡ್ರೈವರ್ ಎಂಬುದು ಒಂದು ಫೈಲ್ ಅಲ್ಲ. ಅದು ಮೂರು ಕಡೆ ಹಂಚಿಹೋಗಿದೆ, ಹೆಚ್ಚಿನ ಕಾರ್ಡ್‌ಗಳಿಗೆ ಅದು ವ್ಯವಸ್ಥೆಯ ಜೊತೆಗೇ ಬಂದಿರುತ್ತದೆ, ಮತ್ತು ಆ ಮೂರೂ ಭಾಗಗಳು ನಿಮ್ಮ ಕಾರ್ಡ್‌ನಷ್ಟಾದರೂ ಹೊಸವಾಗಿರಬೇಕು. ಈ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದನ್ನು ಕ್ರಮವಾಗಿ ಹುಡುಕಬಹುದು.

ಮೊದಲು ಕಬ್ಬಿಣದ ಮಾತು

ತಂತ್ರಾಂಶವನ್ನು ಶಂಕಿಸುವ ಮೊದಲು ಕ್ಯಾಬಿನೆಟ್ಟಿನ ಒಳಗನ್ನು ನೋಡಬೇಕು. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ವಿದ್ಯುತ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡ್‌ಗಳಿಗೆ ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ನೇರವಾಗಿ ವೈರ್ ಕೊಡಬೇಕು. ಆರು ಪಿನ್ನಿನ ಕನೆಕ್ಟರ್ ಇನ್ನೊಂದು 75 ವಾಟ್, ಎಂಟು ಪಿನ್ನಿನದು 150 ವಾಟ್ ಹೊರುತ್ತದೆ. ಕ್ಯಾಬಿನೆಟ್ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದ್ದರೂ ಅದು ಅಷ್ಟನ್ನು ನಿಜಕ್ಕೂ ತಾಳುತ್ತದೆಂದು ನಂಬುವಂತಿಲ್ಲ. ಡೆಸ್ಕ್‌ಟಾಪ್ ಸರಿಯಾಗಿದ್ದು, ರೆಂಡರ್ ಶುರುಮಾಡಿದ ಕೂಡಲೇ ಯಂತ್ರ ಆಫ್ ಆಗಿ ಮತ್ತೆ ಚಾಲೂ ಆದರೆ ಅದು ಬಹುಮಟ್ಟಿಗೆ ವಿದ್ಯುತ್ತಿನ ಕೊರತೆಯೇ ಹೊರತು ಡ್ರೈವರ್‌ನ ದೋಷವಲ್ಲ. ಕರೆಂಟ್ ಹೋಗಿಬರುವ ಊರುಗಳಲ್ಲಿ ಯುಪಿಎಸ್ ಕೂಡ ಲೆಕ್ಕಕ್ಕೆ ಬರುತ್ತದೆ. ಮನೆ, ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಸುಮಾರು 360 ವಾಟ್ ಮಾತ್ರ ಹೊರುವಂಥದ್ದು. ದೊಡ್ಡ ಕಾರ್ಡ್ ಪೂರ್ತಿ ದುಡಿಯುತ್ತಿರುವಾಗ ಕರೆಂಟ್ ಹೋದರೆ ಅದು ಒಂದು ಕ್ಷಣವೂ ಹಿಡಿದು ನಿಲ್ಲದೆ ಹೋಗಬಹುದು. ಚಿತ್ರದುರ್ಗದ ಕಡೆಯ ಒಣ ಧೂಳು ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಟ್ಟಿಕೊಂಡರೆ ಬೇಸಿಗೆಯಲ್ಲಿ ಕಾರ್ಡ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅದನ್ನೂ ಜನ ಲಿನಕ್ಸ್‌ನ ನಿಧಾನಗತಿ ಎಂದೇ ತಿಳಿಯುತ್ತಾರೆ.

ಇನ್ನೊಂದು ಸಣ್ಣ ಸಂಗತಿ: ಮಾನಿಟರಿನ ಕೇಬಲ್ ಹೊಸ ಕಾರ್ಡಿನ ಪೋರ್ಟ್‌ಗೆ ಸಿಕ್ಕಿಸಿರಬೇಕು, ಮದರ್‌ಬೋರ್ಡಿನ ಹಿಂದಿನ ಹಳೆಯ ಪೋರ್ಟ್‌ಗಲ್ಲ. ಇಂಟೆಲ್‌ನ ಆರ್ಕ್ ಕಾರ್ಡ್ ಕೊಳ್ಳುವವರು ಬಯಾಸ್‌ನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ಮುಟ್ಟಲು ಅನುವು ಮಾಡುವ ಈ ಸೌಲಭ್ಯವಿಲ್ಲದ ಹಳೆಯ ಯಂತ್ರಗಳಲ್ಲಿ ಆರ್ಕ್ ಕಾರ್ಡ್‌ಗಳು ತಮ್ಮ ಬೆಲೆಗೆ ತಕ್ಕ ಕೆಲಸ ಮಾಡುವುದಿಲ್ಲ.

ಮೂರು ಭಾಗಗಳು

ಮೊದಲನೆಯದು ಕರ್ನೆಲ್‌ನ ಒಳಗಿರುವ ಡ್ರೈವರ್. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಯಂತ್ರಾಂಶದೊಡನೆ ನೇರವಾಗಿ ಮಾತಾಡುವ ಭಾಗ. ಕಾರ್ಡನ್ನು ಗುರುತಿಸುವುದು, ಅದರ ಮೆಮೊರಿಯನ್ನು ಹಂಚುವುದು, ಮಾನಿಟರಿಗೆ ಎಷ್ಟು ರೆಸಲ್ಯೂಶನ್ ಕಳಿಸಬೇಕೆಂದು ತೀರ್ಮಾನಿಸುವುದು, ಕಾರ್ಡ್ ಓಡುವ ವೇಗವನ್ನು ಏರಿಸಿ ಇಳಿಸುವುದು ಇವೆಲ್ಲ ಅಲ್ಲಿ ನಡೆಯುತ್ತವೆ. ಎಎಂಡಿಯ ಈಗಿನ ಕಾರ್ಡ್‌ಗಳಿಗೆ ಎಎಂಡಿಜಿಪಿಯು, ಇಂಟೆಲ್‌ನವಕ್ಕೆ ಐ915 ಅಥವಾ ಹೊಸದಾದ ಎಕ್ಸ್‌ಇ, ಎನ್‌ವಿಡಿಯಾದವಕ್ಕೆ ಸಮುದಾಯ ಬರೆದ ನೂವೊ ಎಂಬ ಡ್ರೈವರ್‌ಗಳು ಕರ್ನೆಲ್ ಜೊತೆಯಲ್ಲೇ ಬರುತ್ತವೆ. ಇವನ್ನು ಯಾರೂ ಬೇರೆಯಾಗಿ ಹಾಕಬೇಕಾಗಿಲ್ಲ.

ಎರಡನೆಯದು ಫರ್ಮ್‌ವೇರ್. ಇಂದಿನ ಗ್ರಾಫಿಕ್ಸ್ ಕಾರ್ಡಿನೊಳಗೆ ಸಣ್ಣಸಣ್ಣ ಪ್ರೊಸೆಸರ್‌ಗಳಿರುತ್ತವೆ. ವಿದ್ಯುತ್ ನಿರ್ವಹಣೆಗೊಂದು, ವಿಡಿಯೊ ಬಿಡಿಸುವುದಕ್ಕೊಂದು, ಕೆಲಸಗಳನ್ನು ಸರದಿಗೆ ಹಚ್ಚುವುದಕ್ಕೊಂದು. ಇವು ನಡೆಯಲು ಬೇಕಾದ ಪ್ರೋಗ್ರಾಮುಗಳನ್ನು ಪ್ರತಿಸಲ ಯಂತ್ರ ಚಾಲೂ ಆದಾಗ ಕರ್ನೆಲ್ ಡ್ರೈವರ್ ಹಾರ್ಡ್‌ಡಿಸ್ಕಿನಿಂದ ಓದಿ ಕಾರ್ಡಿಗೆ ತುಂಬಬೇಕು. ಈ ಫೈಲುಗಳನ್ನು ಕಂಪನಿಗಳೇ ಕೊಡುತ್ತವೆ, ಇವುಗಳ ಮೂಲ ಸಂಕೇತ (ಸೋರ್ಸ್ ಕೋಡ್) ಮುಕ್ತವಲ್ಲ, ಮತ್ತು ಇವು ಕರ್ನೆಲ್‌ನಿಂದ ಹೊರಗೆ ಲಿನಕ್ಸ್ ಫರ್ಮ್‌ವೇರ್ ಎಂಬ ಬೇರೆ ಪ್ಯಾಕೇಜಿನಲ್ಲಿ ಬರುತ್ತವೆ. ಮುಕ್ತವಲ್ಲದ್ದನ್ನು ಪ್ರತ್ಯೇಕವಾಗಿಡುವ ತತ್ವಕ್ಕೆ ಕಟ್ಟುಬಿದ್ದಿದ್ದ ಡೆಬಿಯನ್ ಎಂಬ ಲಿನಕ್ಸ್ ರೂಪ, 2023ರಲ್ಲಿ ಬಂದ ತನ್ನ 12ನೆಯ ಆವೃತ್ತಿಯಿಂದ ಅನುಸ್ಥಾಪನೆಯ ಇಮೇಜಿನಲ್ಲೇ ಇವನ್ನು ಸೇರಿಸತೊಡಗಿತು. ಅದಕ್ಕೂ ಮೊದಲು ಡೆಬಿಯನ್ ಹಾಕಿದ ಎಷ್ಟೋ ಜನ ಕಪ್ಪು ಪರದೆ ಕಂಡದ್ದು ಈ ಫೈಲುಗಳಿಲ್ಲದ್ದರಿಂದಲೇ.

ಮೂರನೆಯದು ಮೆಸಾ. ಒಂದು ಪ್ರೋಗ್ರಾಮು “ಇಲ್ಲೊಂದು ತ್ರಿಕೋನ ಬರೆ, ಅದರ ಮೇಲೆ ಈ ಬಣ್ಣ ಹಚ್ಚು” ಎಂದು ಓಪನ್‌ಜಿಎಲ್ ಅಥವಾ ವಲ್ಕನ್ ಭಾಷೆಯಲ್ಲಿ ಕೇಳಿದರೆ, ಅದನ್ನು ನಿಮ್ಮ ಕಾರ್ಡಿಗೆ ಮಾತ್ರ ಅರ್ಥವಾಗುವ ಸೂಚನೆಗಳಾಗಿ ಬದಲಿಸುವುದು ಮೆಸಾದ ಕೆಲಸ. ಬ್ರಯಾನ್ ಪಾಲ್ ಎಂಬುವವರು 1993ರಲ್ಲಿ ಒಬ್ಬರೇ ಶುರುಮಾಡಿದ ಈ ಯೋಜನೆಯ ಮೇಲೆ ಇಂದು ಎಎಂಡಿ, ಇಂಟೆಲ್ ಕಾರ್ಡ್‌ಗಳ ಬಹುತೇಕ ಎಲ್ಲ ಲಿನಕ್ಸ್ ಬಳಕೆಯೂ ನಿಂತಿದೆ. ಕಂಪನಿಯೊಂದರ ಜಾಲತಾಣದಲ್ಲಿ ಸಿಗುವ ಡ್ರೈವರ್‌ಗಿಂತ ಮೆಸಾದ ಡ್ರೈವರ್ ಉತ್ತಮವಾಗಿರುವುದು ಸಾಧ್ಯವೇ ಎಂದು ಕೇಳುವವರಿಗೆ ಒಂದು ಮಾತು: ಎಎಂಡಿ ಕಾರ್ಡ್‌ಗಳಿಗೆ ಮೆಸಾದಲ್ಲಿರುವ ರಾಡ್‌ವಿ ಎಂಬ ವಲ್ಕನ್ ಡ್ರೈವರ್ ಶುರುವಾದದ್ದು ಕಂಪನಿಯ ಹೊರಗಿನವರಿಂದ, 2016ರಲ್ಲಿ, ಲಿನಕ್ಸ್‌ನಲ್ಲಿ ಗೇಮ್ ಆಡುವವರು ಇಂದು ನೆಚ್ಚಿಕೊಂಡಿರುವುದು ಅದನ್ನೇ.

ಈ ಮೂರರಲ್ಲಿ ಯಾವೊಂದು ನಿಂತರೂ ಪರದೆಯ ಮೇಲೆ ಕಾಣುವ ಫಲ ಹೆಚ್ಚುಕಡಿಮೆ ಒಂದೇ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಣೆಕಟ್ಟೆಯಲ್ಲಿ ನೀರಿದ್ದರೂ, ಮುಖ್ಯ ನಾಲೆಯಲ್ಲಿ ಹರಿದರೂ, ನಡುವಿನ ಒಂದು ತೂಬು ಮುಚ್ಚಿದ್ದರೆ ಗದ್ದೆ ಒಣಗಿಯೇ ಇರುತ್ತದೆ, ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಯಾವ ತೂಬು ಮುಚ್ಚಿದೆಯೆಂದು ತಿಳಿಯುವುದಿಲ್ಲ, ಏರಿಯ ಮೇಲೆ ಮೇಲ್ಮುಖವಾಗಿ ನಡೆದೇ ನೋಡಬೇಕು.

ಕಾರ್ಡಿನ ವಯಸ್ಸು, ಕರ್ನೆಲ್‌ನ ವಯಸ್ಸು

ಇಲ್ಲಿ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 9070 ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಉಬುಂಟು 24.04 ಬಿಡುಗಡೆಯಾದದ್ದು 2024ರ ಏಪ್ರಿಲ್‌ನಲ್ಲಿ, ಅದರಲ್ಲಿದ್ದ ಕರ್ನೆಲ್ 6.8. ಅಂದರೆ ಕಾರ್ಡ್ ಮಾರಾಟಕ್ಕೆ ಬರುವ ಒಂದು ವರ್ಷ ಮೊದಲೇ ಆ ಕರ್ನೆಲ್ ಸಿದ್ಧವಾಗಿತ್ತು. ಗೆಳೆಯರ ಬಳಿ ಇದ್ದ 24.04ರ ಹಳೆಯ ಪೆನ್‌ಡ್ರೈವ್‌ನಿಂದ ಅನುಸ್ಥಾಪಿಸಿ ಈ ಕಾರ್ಡ್ ಸಿಕ್ಕಿಸಿದರೆ, ಕರ್ನೆಲ್‌ಗೆ ಅದರ ಪರಿಚಯವೇ ಇರುವುದಿಲ್ಲ. ಅದೇ ಉಬುಂಟು 24.04ರ ಮೂರನೆಯ ಪರಿಷ್ಕರಣೆ 2025ರ ಆಗಸ್ಟ್‌ನಲ್ಲಿ ಬಂದಾಗ ಅದರಲ್ಲಿ ಕರ್ನೆಲ್ 6.14 ಮತ್ತು ಮೆಸಾ 25.0 ಇದ್ದವು, ಈ ಕಾರ್ಡಿಗೆ ಬೇಕಾದದ್ದು ಆ ಹಂತದ ಕರ್ನೆಲ್ ಮತ್ತು ಮೆಸಾಗಳೇ. ಹೆಸರು ಒಂದೇ, ಸಂಖ್ಯೆಯೂ ಬಹುತೇಕ ಒಂದೇ, ಆದರೆ ಒಂದರಲ್ಲಿ ಕಾರ್ಡ್ ನಡೆಯುತ್ತದೆ, ಇನ್ನೊಂದರಲ್ಲಿ ಇಲ್ಲ.

ಇಂಟೆಲ್‌ನ ಕತೆಯೂ ಇದೇ. ಅದರ ಮೊದಲ ಆರ್ಕ್ ಕಾರ್ಡ್‌ಗಳು 2022ರಲ್ಲಿ ಬಂದವು, ಆದರೆ ವಿಶೇಷ ಸೂಚನೆ ಕೊಡದೆಯೇ ಅವನ್ನು ತಾನಾಗಿ ಒಪ್ಪಿಕೊಂಡ ಕರ್ನೆಲ್ 6.2 ಹೊರಬಂದದ್ದು 2023ರ ಫೆಬ್ರವರಿಯಲ್ಲಿ. ಮುಂದಿನ ಪೀಳಿಗೆಯ ಬಿ580 ಕಾರ್ಡ್ 2024ರ ಡಿಸೆಂಬರ್‌ನಲ್ಲಿ ಬರುವ ಹೊತ್ತಿಗೆ ಇಂಟೆಲ್ ಪಾಠ ಕಲಿತಿತ್ತು. ಅದಕ್ಕೆ ಬೇಕಾದ ಎಕ್ಸ್‌ಇ ಡ್ರೈವರ್ 6.12ನೆಯ ಕರ್ನೆಲ್‌ನಲ್ಲಿ ಮೊದಲೇ ಕುಳಿತಿತ್ತು.

ಹೀಗಾಗಿ ಎಎಂಡಿ, ಇಂಟೆಲ್ ಕಾರ್ಡ್ ಕೊಂಡವರಿಗೆ ಸರಿಯಾದ ಮದ್ದು ಜಾಲತಾಣದ ಡ್ರೈವರ್ ಅಲ್ಲ, ಹೊಸ ವ್ಯವಸ್ಥೆ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಹೊಸ ಕರ್ನೆಲ್ ಸಾಮಾನ್ಯವಾಗಿ ಅಪ್‌ಡೇಟ್‌ಗಳ ಜೊತೆಗೇ ಬರುತ್ತದೆ. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು ಅದರ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನೆಲ್ಸ್ ಎಂಬುದನ್ನು ಒತ್ತಿದರೆ ಆಯ್ದುಕೊಳ್ಳಲು ಪಟ್ಟಿ ಸಿಗುತ್ತದೆ. ಡೆಬಿಯನ್ 12ರಲ್ಲಿ ಇರುವವರು, ಅದರ ಕರ್ನೆಲ್ 6.1 ಎಂಬುದನ್ನು ನೆನಪಿಟ್ಟು, 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಗೆ ಹೋಗುವುದು ಅಥವಾ ಹಳೆಯ ಆವೃತ್ತಿಗೆಂದು ಹೊಸ ಪ್ಯಾಕೇಜುಗಳನ್ನಿಟ್ಟಿರುವ ಬ್ಯಾಕ್‌ಪೋರ್ಟ್ಸ್ ಸಂಗ್ರಹದಿಂದ ಕರ್ನೆಲ್ ತರುವುದು ಲೇಸು. ಫೆಡೋರಾ, ಆರ್ಚ್ ಎಂಬ ಲಿನಕ್ಸ್ ರೂಪಗಳನ್ನು ಬಳಸುವವರಿಗೆ ಹೊಸ ಕರ್ನೆಲ್ ತಾನಾಗಿ ಬರುವುದರಿಂದ ಈ ತೊಂದರೆ ಕಡಿಮೆ. ವರ್ಷಗಟ್ಟಲೆ ಬದಲಾಗದ ಸ್ಥಿರತೆ ಎಂಬ ಗುಣ ಸರ್ವರ್‌ಗೆ ವರ, ಹೊಸ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡವರಿಗೆ ತೊಡಕು.

ಯಂತ್ರವನ್ನೇ ಕೇಳುವುದು

ಊಹೆ ಮಾಡುವ ಬದಲು ಟರ್ಮಿನಲ್ ತೆರೆದು ಕೇಳಬಹುದು. ಯುನೇಮ್ ಎಂಬ ಕಮಾಂಡಿಗೆ ಹೈಫನ್ ಆರ್ ಸೇರಿಸಿ (uname -r) ಒತ್ತಿದರೆ ಕರ್ನೆಲ್ ಆವೃತ್ತಿ ತಿಳಿಯುತ್ತದೆ. ನಂತರ ಎಲ್‌ಎಸ್‌ಪಿಸಿಐ ಎಂಬುದಕ್ಕೆ ಹೈಫನ್ ಎನ್‌ಎನ್‌ಕೆ ಸೇರಿಸಿ (lspci -nnk) ಒತ್ತಿದರೆ ಮದರ್‌ಬೋರ್ಡಿಗೆ ಅಂಟಿಕೊಂಡಿರುವ ಎಲ್ಲ ಸಾಧನಗಳ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್ ಎಂದು ಶುರುವಾಗುವ ಸಾಲನ್ನು ಹುಡುಕಬೇಕು. ಆ ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗೆ ಎರಡು ಸಂಖ್ಯೆಗಳು ಜೋಡಿಯಾಗಿರುತ್ತವೆ. ಮೊದಲನೆಯದು ಕಂಪನಿಯ ಗುರುತು. 1002 ಎಂದರೆ ಎಎಂಡಿ, 8086 ಎಂದರೆ ಇಂಟೆಲ್, 10ಡಿಇ ಎಂದರೆ ಎನ್‌ವಿಡಿಯಾ. ಕಾರ್ಡಿನ ಹೆಸರಿನ ಬದಲು ಬರಿಯ ಡಿವೈಸ್ ಎಂಬ ಪದ ಮತ್ತು ಸಂಖ್ಯೆ ಕಂಡರೆ ಗಾಬರಿಯಾಗಬೇಕಿಲ್ಲ. ಹೆಸರುಗಳ ಪಟ್ಟಿ ಹಳೆಯದೆಂದು ಮಾತ್ರ ಅದರ ಅರ್ಥ. ಡ್ರೈವರ್‌ಗೂ ಅದಕ್ಕೂ ಸಂಬಂಧವಿಲ್ಲ. ವಿಜಿಎ ಸಾಲೇ ಕಾಣದಿದ್ದರೆ ಮಾತ್ರ ಮತ್ತೆ ಕ್ಯಾಬಿನೆಟ್ ಬಿಚ್ಚಿ, ಕಾರ್ಡ್ ಸ್ಲಾಟ್‌ನಲ್ಲಿ ಪೂರ್ತಿ ಕೂತಿದೆಯೇ, ಪವರ್ ವೈರ್ ಇದೆಯೇ ನೋಡಬೇಕು.

ಆ ಸಾಲಿನ ಕೆಳಗಿನ ಎರಡು ಸಾಲುಗಳಲ್ಲಿ ನಿಜವಾದ ಉತ್ತರವಿದೆ. ಕರ್ನೆಲ್ ಡ್ರೈವರ್ ಇನ್ ಯೂಸ್ ಎಂಬುದರ ಮುಂದೆ ಎಎಂಡಿಜಿಪಿಯು ಎಂದೋ ಎಕ್ಸ್‌ಇ ಎಂದೋ ಇದ್ದರೆ ಮೊದಲ ಭಾಗ ಸರಿಯಾಗಿದೆ. ಆ ಸಾಲು ಇಲ್ಲದೆ ಕರ್ನೆಲ್ ಮಾಡ್ಯೂಲ್ಸ್ ಎಂಬ ಸಾಲು ಮಾತ್ರ ಇದ್ದರೆ, ಕರ್ನೆಲ್‌ಗೆ ಈ ಕಾರ್ಡ್ ಗೊತ್ತು, ಆದರೆ ಅದನ್ನು ಎಬ್ಬಿಸುವಾಗ ಏನೋ ಎಡವಿದೆ ಎಂದರ್ಥ. ಎರಡೂ ಇಲ್ಲದಿದ್ದರೆ ಕರ್ನೆಲ್ ಹಳೆಯದು.

ಎಡವಿದ್ದೆಲ್ಲಿ ಎಂಬುದನ್ನು ಡಿಮೆಸ್ಗ್ (dmesg) ಎಂಬ ಕಮಾಂಡ್ ತೋರಿಸುತ್ತದೆ. ಯಂತ್ರ ಚಾಲೂ ಆದಾಗಿನಿಂದ ಕರ್ನೆಲ್ ಬರೆದಿಟ್ಟ ದಿನಚರಿ ಅದರಲ್ಲಿದೆ. ಎಎಂಡಿ ಕಾರ್ಡಿನಲ್ಲಿ ಬಹಳ ಸಲ ಸಿಗುವ ಸಾಲು, ಇಂಥ ಫರ್ಮ್‌ವೇರ್ ಫೈಲನ್ನು ತುಂಬುವ ಯತ್ನ ದೋಷ ಸಂಖ್ಯೆ ಮೈನಸ್ 2ರಿಂದ ವಿಫಲವಾಯಿತು ಎಂಬುದು. ಲಿನಕ್ಸ್‌ನಲ್ಲಿ ಮೈನಸ್ 2 ಎಂದರೆ ಆ ಹೆಸರಿನ ಫೈಲ್ ಇಲ್ಲ ಎಂದು, ಅಷ್ಟೇ. ಡ್ರೈವರ್ ಹೊಸದು, ಫರ್ಮ್‌ವೇರ್ ಪ್ಯಾಕೇಜ್ ಹಳೆಯದು. ಕರ್ನೆಲ್ ಒಂದನ್ನೇ ಮೇಲೇರಿಸಿದವರಿಗೆ ಹೀಗಾಗುತ್ತದೆ. ಪ್ಯಾಕೇಜನ್ನು ನವೀಕರಿಸಿದರೆ ಸಾಕು, ಆದರೆ ಒಂದು ಸೂಕ್ಷ್ಮವಿದೆ. ಯಂತ್ರ ಎದ್ದೇಳುವ ಮೊದಲ ಕ್ಷಣಗಳಲ್ಲಿ ಹಾರ್ಡ್‌ಡಿಸ್ಕ್ ಇನ್ನೂ ತೆರೆದಿರುವುದಿಲ್ಲ. ಆಗ ಕರ್ನೆಲ್ ನೋಡುವುದು ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟಿನೊಳಗೆ. ಗ್ರಾಫಿಕ್ಸ್ ಡ್ರೈವರ್ ಆಗಲೇ ಎದ್ದರೆ ಫೈಲ್ ಆ ಗಂಟಿನಲ್ಲೂ ಇರಬೇಕು. ಪ್ಯಾಕೇಜ್ ಹಾಕಿದಾಗ ಗಂಟನ್ನು ಮತ್ತೆ ಕಟ್ಟುವ ಕೆಲಸ ಬಹುತೇಕ ತಾನಾಗಿಯೇ ನಡೆಯುತ್ತದೆ. ಫೈಲನ್ನು ಕೈಯಾರೆ ತಂದು ಹಾಕಿದವರು ಮಾತ್ರ ಡೆಬಿಯನ್, ಉಬುಂಟುಗಳಲ್ಲಿ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ (update-initramfs), ಫೆಡೋರಾದಲ್ಲಿ ಡ್ರೇಕಟ್ (dracut) ಎಂಬ ಕಮಾಂಡನ್ನು ತಾವೇ ಚಲಾಯಿಸಬೇಕು.

ಕೊನೆಗೆ ಜಿಎಲ್‌ಎಕ್ಸ್‌ಇನ್ಫೊ ಎಂಬುದನ್ನು ಹೈಫನ್ ದೊಡ್ಡ ಬಿ ಸೇರಿಸಿ (glxinfo -B) ಕೇಳಿದರೆ ಮೂರನೆಯ ಭಾಗದ ಸ್ಥಿತಿ ತಿಳಿಯುತ್ತದೆ. ರೆಂಡರರ್ ಎಂಬ ಸಾಲಿನಲ್ಲಿ ಕಾರ್ಡಿನ ಹೆಸರಿದ್ದರೆ ಸರಿ. ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಕಾರ್ಡ್ ಸುಮ್ಮನೆ ಕೂತಿದೆ, ಅದರ ಕೆಲಸವನ್ನೆಲ್ಲ ಪ್ರೊಸೆಸರ್ ಹೊತ್ತುಕೊಂಡಿದೆ. ಡ್ರೈವರ್ ಕೆಲಸ ಮಾಡದಿದ್ದರೂ ಪರದೆಯ ಮೇಲೆ ಚಿತ್ರ ಹೇಗೆ ಬರುತ್ತದೆ ಎಂಬ ಸಂಶಯಕ್ಕೂ ಉತ್ತರ ಇಲ್ಲೇ ಇದೆ: ಯಂತ್ರ ಚಾಲೂ ಆಗುವಾಗ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಒಂದು ಸರಳವಾದ ಚಿತ್ರಪಟವನ್ನು ಸಿದ್ಧಮಾಡಿಕೊಟ್ಟಿರುತ್ತದೆ. ಬೇರೆ ಡ್ರೈವರ್ ಸಿಗದಿದ್ದರೆ ಕರ್ನೆಲ್ ಅದನ್ನೇ ಹಿಡಿದು ನಡೆಸುತ್ತದೆ. ರೆಸಲ್ಯೂಶನ್ ಬದಲಿಸಲಾಗದೆ ಒಂದೇ ಅಳತೆಗೆ ಕಟ್ಟುಬಿದ್ದಿರುವುದು ಅದರ ಲಕ್ಷಣ.

ಎನ್‌ವಿಡಿಯಾದ ದಾರಿ ಬೇರೆ

ಎನ್‌ವಿಡಿಯಾ ಬಹುಕಾಲ ತನ್ನ ಡ್ರೈವರ್‌ನ ಮೂಲ ಸಂಕೇತವನ್ನು ಮುಚ್ಚಿಟ್ಟಿತ್ತು. ಕರ್ನೆಲ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿಯಡಿ ಇರುವುದರಿಂದ ಮುಚ್ಚಿದ ಸಂಕೇತಕ್ಕೆ ಅದರ ಒಳಗೆ ಜಾಗವಿಲ್ಲ. ಹೀಗಾಗಿ ಆ ಡ್ರೈವರ್ ಹೊರಗೇ ಉಳಿಯಿತು, ಮತ್ತು ಕರ್ನೆಲ್ ಬದಲಾದಾಗಲೆಲ್ಲ ಅದಕ್ಕೆ ಮತ್ತೆ ಹೊಂದಿಸಬೇಕಾಯಿತು. ಟೊರ್ವಾಲ್ಡ್ಸ್ 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಈ ಕಂಪನಿಯ ಮೇಲಿನ ಸಿಟ್ಟನ್ನು ಬಹಿರಂಗವಾಗಿಯೇ ಕಾರಿದ್ದರು. ನೂವೊ ಬರೆದವರು ಕಾರ್ಡಿನ ನಡವಳಿಕೆಯನ್ನು ಹೊರಗಿನಿಂದ ಗಮನಿಸಿಯೇ ಅದರ ಒಳಗನ್ನು ಅರಿತರು. ಅದು ಅಸಾಧಾರಣವಾದ ಶ್ರಮ. ಆದರೆ 900 ಸರಣಿಯಿಂದ ಮುಂದಕ್ಕೆ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ಕಾರ್ಡಿನ ವೇಗ ಏರಿಸಲು ಆಗದಂತಾಯಿತು. ಅಂಥ ಕಾರ್ಡ್‌ಗಳು ನೂವೊ ಅಡಿಯಲ್ಲಿ ಚಾಲೂ ಆದಾಗಿನ ಕಡಿಮೆ ವೇಗದಲ್ಲೇ ಉಳಿದವು.

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರ್‌ನ ಕರ್ನೆಲ್ ಭಾಗವನ್ನು ಮಾತ್ರ ಮುಕ್ತಗೊಳಿಸಿತು. ಟ್ಯೂರಿಂಗ್ ಪೀಳಿಗೆ (ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ) ಮತ್ತು ಅದಕ್ಕಿಂತ ಹೊಸ ಕಾರ್ಡ್‌ಗಳಿಗೆ ಮಾತ್ರ ಅದು ಅನ್ವಯ, ಏಕೆಂದರೆ ಆ ಕಾರ್ಡ್‌ಗಳಲ್ಲಿ ಜಿಎಸ್‌ಪಿ ಎಂಬ ಒಳ ಪ್ರೊಸೆಸರ್ ಇದ್ದು, ಹಳೆಯ ಡ್ರೈವರ್ ಮಾಡುತ್ತಿದ್ದ ಗುಟ್ಟಿನ ಕೆಲಸಗಳನ್ನೆಲ್ಲ ಅದರ ಫರ್ಮ್‌ವೇರ್‌ಗೆ ಸಾಗಿಸಲಾಗಿದೆ. ಇದನ್ನು ಪೂರ್ಣ ಮುಕ್ತತೆ ಎಂದು ಕರೆಯಲು ನಾನು ಒಪ್ಪಲಾರೆ. ಓಪನ್‌ಜಿಎಲ್, ವಲ್ಕನ್ ಭಾಗಗಳು, ಗಣನೆಗೆ ಬೇಕಾದ ಕ್ಯೂಡಾ ಭಾಗ ಇಂದಿಗೂ ಮುಚ್ಚಿಯೇ ಇವೆ. ಆದರೂ ಉಪಯೋಗವಾಗಿದೆ. 50 ಸರಣಿಯ ಕಾರ್ಡ್‌ಗಳು ಈ ಮುಕ್ತ ಕರ್ನೆಲ್ ಮಾಡ್ಯೂಲ್‌ಗಳೊಂದಿಗೆ ಮಾತ್ರ ನಡೆಯುತ್ತವೆ, ಹಳೆಯ ಮುಚ್ಚಿದ ಮಾಡ್ಯೂಲ್ ಅವಕ್ಕೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರಿಗೆ ಲೆಕ್ಕ ತಿರುವುಮುರುವು: ಜಿಟಿಎಕ್ಸ್ 1060ರಂಥ ಪ್ಯಾಸ್ಕಲ್ ಪೀಳಿಗೆಯ ಕಾರ್ಡ್‌ಗಳಿಗೆ ಮುಚ್ಚಿದ ಮಾಡ್ಯೂಲೇ ಬೇಕು, ಮತ್ತು 580ನೆಯ ಸರಣಿಯ ಡ್ರೈವರ್ ಅವಕ್ಕೆ ಕೊನೆಯದು. ಹೊಸದೇ ಒಳ್ಳೆಯದೆಂದು ಅದಕ್ಕಿಂತ ಮುಂದಿನ ಡ್ರೈವರ್ ಹಾಕಿದರೆ ಕಾರ್ಡ್ ಏಳುವುದಿಲ್ಲ.

ಎನ್‌ವಿಡಿಯಾ ಡ್ರೈವರನ್ನು ಡಿಸ್ಟ್ರೊದ, ಅಂದರೆ ನೀವು ಬಳಸುವ ಲಿನಕ್ಸ್ ರೂಪದ, ಮೂಲಕವೇ ಹಾಕಬೇಕು. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್, ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಸಂಗ್ರಹ ಇದಕ್ಕಿವೆ. ಕಂಪನಿಯ ಜಾಲತಾಣದ ಫೈಲನ್ನು ನೇರವಾಗಿ ಚಲಾಯಿಸಿದರೆ ಅಂದಿನ ಮಟ್ಟಿಗೆ ಕೆಲಸ ಆಗಬಹುದು, ಆದರೆ ಪ್ಯಾಕೇಜ್ ವ್ಯವಸ್ಥೆಗೆ ಅದರ ಸುಳಿವಿರುವುದಿಲ್ಲ. ಮುಂದಿನ ಕರ್ನೆಲ್ ಅಪ್‌ಡೇಟ್ ಬಂದ ದಿನ, ಮದುವೆಯ ವಿಡಿಯೊ ಕೊಡಬೇಕಾದ ಬೆಳಗ್ಗೆಯೇ ಪರದೆ ಕಪ್ಪಾಗುವ ಸಂಭವವಿದೆ. ಪ್ಯಾಕೇಜಿನ ಮೂಲಕ ಹಾಕಿದರೆ ಡಿಕೆಎಂಎಸ್‌ನಂಥ ವ್ಯವಸ್ಥೆ ಪ್ರತಿ ಹೊಸ ಕರ್ನೆಲ್‌ಗೂ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡುತ್ತದೆ. ಅದಕ್ಕೆ ಆ ಕರ್ನೆಲ್‌ನ ಹೆಡರ್ಸ್ (ಕಂಪೈಲ್ ಮಾಡಲು ಬೇಕಾದ ಫೈಲುಗಳು) ಪ್ಯಾಕೇಜ್ ಇರಲೇಬೇಕು. ಅಪ್‌ಡೇಟ್ ಆದ ಮರುದಿನದ ಎಷ್ಟೋ ಕಪ್ಪು ಪರದೆಗಳಿಗೆ ಈ ಒಂದು ಪ್ಯಾಕೇಜ್ ಇಲ್ಲದಿರುವುದೇ ಮೂಲ.

ಮತ್ತೊಂದು ಅಡ್ಡಿ ಸೆಕ್ಯೂರ್ ಬೂಟ್. ಅದು ಆನ್ ಇದ್ದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಉಬುಂಟು ತನ್ನ ಕರ್ನೆಲ್‌ಗಳಿಗೆ ಸಹಿ ಮಾಡಿದ ಎನ್‌ವಿಡಿಯಾ ಮಾಡ್ಯೂಲ್‌ಗಳನ್ನು ಕೊಡುತ್ತದೆ, ಆದರೆ ನಿಮ್ಮ ಯಂತ್ರದಲ್ಲೇ ಕಂಪೈಲ್ ಆದದ್ದಕ್ಕೆ ನಿಮ್ಮದೇ ಕೀಲಿಯ ಸಹಿ ಬೇಕು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುವುದು ಇದಕ್ಕಾಗಿ. ರೀಸ್ಟಾರ್ಟ್ ಮಾಡಿದಾಗ ಉಬುಂಟು ಏಳುವ ಮೊದಲು ನೀಲಿ ಪರದೆಯೊಂದು ಕಾಣಿಸಿ, ಯಾವುದಾದರೂ ಕೀ ಒತ್ತಿ ಎಂದು ಕೇಳಿ, ಹತ್ತರಿಂದ ಇಳಿಯೆಣಿಕೆ ಶುರುಮಾಡುತ್ತದೆ. ಇದೇನೋ ದೋಷವೆಂದು ಬಗೆದು ಸುಮ್ಮನೆ ಕಾದವರು ಅವಕಾಶ ಕಳೆದುಕೊಳ್ಳುತ್ತಾರೆ: ಎಣಿಕೆ ಮುಗಿದು ಯಂತ್ರ ಮಾಮೂಲಿನಂತೆ ಏಳುತ್ತದೆ, ಕೀಲಿ ದಾಖಲಾಗಿರುವುದಿಲ್ಲ, ಡ್ರೈವರ್ ಹಾಕಿದ್ದರೂ ಇಲ್ಲದಂತಾಗುತ್ತದೆ. ಆ ಹತ್ತು ಸೆಕೆಂಡಿನೊಳಗೆ ಕೀ ಒತ್ತಿ, ಎನ್‌ರೋಲ್ ಎಂಒಕೆ ಆಯ್ದು, ಕಂಟಿನ್ಯೂ ಮತ್ತು ಯೆಸ್ ಒತ್ತಿ, ಮೊದಲು ಕೊಟ್ಟ ಪಾಸ್‌ವರ್ಡನ್ನೇ ಮತ್ತೆ ಕೊಡಬೇಕು. ಟೈಪ್ ಮಾಡುವಾಗ ಅಲ್ಲಿ ಅಕ್ಷರಗಳು ಕಾಣುವುದಿಲ್ಲವಾದ್ದರಿಂದ ಸರಳವಾದ ಪಾಸ್‌ವರ್ಡ್ ಇಟ್ಟುಕೊಳ್ಳುವುದು ಜಾಣತನ. ಅದು ಬೇಕಾಗುವುದು ಈ ಒಂದು ಸಲಕ್ಕೆ ಮಾತ್ರ.

ಪರದೆ ಪೂರ್ತಿ ಕಪ್ಪಾದರೆ

ವ್ಯವಸ್ಥೆಯನ್ನು ಮತ್ತೆ ಮೊದಲಿನಿಂದ ಹಾಕುವುದು ಬೇಕಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಬಹಳ ಸಲ ಬರಿಯ ಅಕ್ಷರಗಳ ಲಾಗಿನ್ ಸಿಗುತ್ತದೆ. ಮೇಲೆ ಹೇಳಿದ ಕಮಾಂಡುಗಳನ್ನು ಅಲ್ಲೇ ಚಲಾಯಿಸಬಹುದು. ಅದೂ ಬಾರದಿದ್ದರೆ ಯಂತ್ರ ಚಾಲೂ ಆಗುವಾಗ ಎಸ್ಕೇಪ್ ಒತ್ತಿ, ಯಾವುದನ್ನು ಚಾಲೂ ಮಾಡಬೇಕೆಂದು ಕೇಳುವ ಗ್ರಬ್ ಮೆನು ತರಿಸಿ, ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನೆಲ್ ಆಯ್ದುಕೊಳ್ಳಬಹುದು. ಹಿಂದಿನದೂ ಏಳದಿದ್ದರೆ, ಮೆನುವಿನ ಸಾಲಿನ ಮೇಲೆ ಇ ಅಕ್ಷರ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ (nomodeset) ಎಂಬ ಪದ ಸೇರಿಸಿ, ಎಫ್10 ಒತ್ತಬೇಕು. ಗ್ರಾಫಿಕ್ಸ್ ಡ್ರೈವರ್ ಹಚ್ಚಬೇಡ, ಯುಇಎಫ್‌ಐ ಕೊಟ್ಟ ಸರಳ ಚಿತ್ರಪಟದಲ್ಲೇ ಏಳು ಎಂದು ಹೇಳುವ ಪದ ಅದು. ಒಳಗೆ ಹೋಗಿ ದುರಸ್ತಿ ಮಾಡಲಿಕ್ಕೆ ಮಾತ್ರ ಅದನ್ನು ಬಳಸಬೇಕು. ಎಲ್ಲೋ ಓದಿ ಅದನ್ನು ಶಾಶ್ವತವಾಗಿ ಬರೆದಿಟ್ಟುಕೊಂಡು, ಕಾರ್ಡ್ ಏಕೆ ನಿಧಾನ ಎಂದು ತಿಂಗಳುಗಟ್ಟಲೆ ಪರದಾಡುವವರಿದ್ದಾರೆ.

ಚಿತ್ರ ಬಂದ ಮೇಲೂ ಉಳಿಯುವ ಕೆಲಸ

ಪರದೆ ಚೆನ್ನಾಗಿ ಕಂಡ ಮಾತ್ರಕ್ಕೆ ಕಾರ್ಡ್ ಪೂರ್ತಿ ದುಡಿಯುತ್ತಿದೆ ಎಂದಲ್ಲ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡಲು, ಮಷಿನ್ ಲರ್ನಿಂಗ್ ಮಾದರಿ ತರಬೇತಿಗೊಳಿಸಲು ಗಣನೆಯ ಪದರ ಬೇರೆಯೇ ಬೇಕು: ಎನ್‌ವಿಡಿಯಾಗೆ ಕ್ಯೂಡಾ, ಎಎಂಡಿಗೆ ಆರ್‌ಒಸಿಎಂ, ಇಂಟೆಲ್‌ಗೆ ಒನ್‌ಎಪಿಐ. ಆರ್‌ಒಸಿಎಂ ಎಲ್ಲ ರೇಡಿಯಾನ್ ಕಾರ್ಡ್‌ಗಳನ್ನೂ ಅಧಿಕೃತವಾಗಿ ಬೆಂಬಲಿಸುವುದಿಲ್ಲ. ಹೀಗಾಗಿ ಪ್ರಾಜೆಕ್ಟಿಗಾಗಿಯೇ ಕಾರ್ಡ್ ಕೊಳ್ಳುವ ವಿದ್ಯಾರ್ಥಿ ಬೆಂಬಲಿತ ಕಾರ್ಡ್‌ಗಳ ಪಟ್ಟಿಯನ್ನು ದುಡ್ಡು ಕೊಡುವ ಮೊದಲು ನೋಡಬೇಕು. ಈ ಒಂದು ಬಳಕೆಗೆ, ಮುಕ್ತ ತಂತ್ರಾಂಶದ ಮೇಲೆ ಎಷ್ಟೇ ಪ್ರೀತಿಯಿದ್ದರೂ, ಎನ್‌ವಿಡಿಯಾ ಕಾರ್ಡೇ ಕಡಿಮೆ ತಲೆನೋವಿನದು ಎಂದು ಹೇಳಬೇಕಾಗುತ್ತದೆ. ಡೆಸ್ಕ್‌ಟಾಪ್, ಗೇಮ್, ಸಾಮಾನ್ಯ ಎಡಿಟಿಂಗ್‌ಗಾದರೆ ನನ್ನ ಸಲಹೆ ಎಎಂಡಿ.

ವಿಡಿಯೊ ಎಡಿಟ್ ಮಾಡುವವರಿಗೆ ಪೇಟೆಂಟ್‌ಗಳ ತೊಡಕೊಂದಿದೆ. ಫೆಡೋರಾ 2022ರಲ್ಲಿ ತನ್ನ ಮೆಸಾದಿಂದ ಎಚ್.264, ಎಚ್.265 ವಿಡಿಯೊಗಳನ್ನು ಕಾರ್ಡಿನ ಮೂಲಕ ಬಿಡಿಸುವ ಭಾಗವನ್ನು ತೆಗೆದುಹಾಕಿತು. ಆರ್‌ಪಿಎಂ ಫ್ಯೂಷನ್‌ನ ಮೆಸಾ ಹಾಕಿಕೊಂಡರೆ ಅದು ಮರಳುತ್ತದೆ. 4ಕೆ ಟಿವಿಯನ್ನೇ ಮಾನಿಟರ್ ಮಾಡಿಕೊಂಡವರು ಎಎಂಡಿ ಕಾರ್ಡಿನಲ್ಲಿ 120 ಹರ್ಟ್ಸ್ ಸಿಗದೆ ಬೇಸರಪಟ್ಟಿರಬಹುದು: ಎಚ್‌ಡಿಎಂಐ 2.1ನ್ನು ಮುಕ್ತ ಡ್ರೈವರ್‌ನಲ್ಲಿ ಅಳವಡಿಸಲು ಎಎಂಡಿ ಇಟ್ಟ ಪ್ರಸ್ತಾಪವನ್ನು ಎಚ್‌ಡಿಎಂಐ ಫೋರಮ್ ಒಪ್ಪಲಿಲ್ಲವೆಂಬುದು 2024ರಲ್ಲಿ ತಿಳಿದುಬಂತು. ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರಿಗೆ ಈ ಕಾಟವಿಲ್ಲ.

ಇನ್ನೂ ಕೊಳ್ಳದವರಿಗೆ ಒಂದು ಉಪಾಯವಿದೆ. ಉಬುಂಟು ಅಥವಾ ಫೆಡೋರಾದ ತೀರ ಇತ್ತೀಚಿನ ಇಮೇಜನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು ಅಂಗಡಿಗೆ ಹೋಗಿ, ಕಾರ್ಡ್ ಹಾಕಿದ ಯಂತ್ರವನ್ನು ಅದರಿಂದಲೇ ಚಾಲೂ ಮಾಡಿಸಿ ನೋಡಬಹುದು. ಹಾರ್ಡ್‌ಡಿಸ್ಕನ್ನು ಅದು ಮುಟ್ಟುವುದಿಲ್ಲ. ಕರ್ನೆಲ್, ಫರ್ಮ್‌ವೇರ್, ಮೆಸಾ ಮೂರೂ ಆ ಪೆನ್‌ಡ್ರೈವ್‌ನವೇ ಆಗಿರುವುದರಿಂದ, ಎಎಂಡಿ ಮತ್ತು ಇಂಟೆಲ್ ಕಾರ್ಡ್‌ಗಳ ಮಟ್ಟಿಗೆ ಅಲ್ಲಿ ಎಲ್‌ಎಸ್‌ಪಿಸಿಐ ಹೇಳುವ ಉತ್ತರವೇ ಮನೆಯಲ್ಲೂ ಸಿಗುತ್ತದೆ, ಮನೆಯಲ್ಲಿ ಹಾಕಿಕೊಳ್ಳುವುದು ಅದೇ ಇಮೇಜ್ ಆಗಿದ್ದರೆ. ಎನ್‌ವಿಡಿಯಾ ಕಾರ್ಡ್ ಆದರೆ ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ನೂವೊ ಓಡುತ್ತಿರುತ್ತದೆ, ಹಾಗಾಗಿ ಅಲ್ಲಿ ಕಂಡ ನಿಧಾನವನ್ನು ನೋಡಿ ಕಾರ್ಡನ್ನು ತಿರಸ್ಕರಿಸಬೇಕಿಲ್ಲ. ಪಟ್ಟಿಯಲ್ಲಿ 10ಡಿಇ ಸಾಲು ಇದೆಯೇ, ಪೂರ್ತಿ ರೆಸಲ್ಯೂಶನ್ ಬರುತ್ತದೆಯೇ ಎಂಬುದಷ್ಟನ್ನು ನೋಡಿ, ಕಾರ್ಡಿನ ಪೀಳಿಗೆಯ ಹೆಸರನ್ನೂ ಅದಕ್ಕೆ ಬೇಕಾದ ಡ್ರೈವರ್ ಸರಣಿಯ ಸಂಖ್ಯೆಯನ್ನೂ ಬಿಲ್ಲಿನ ಹಿಂದೆ ಬರೆದುಕೊಂಡು ಬರಬೇಕು.